ಅಪ್ಪನ ಎಡೆಗೆ ತಕ್ಕಡಿ ಇಟ್ಟಿದ್ದು

ಈ ವರ್ಷದ ಹಿರಿಯರ ಹಬ್ಬದಲ್ಲಿ ಮನುಕುಲದ ಬಹುದೊಡ್ಡ ಪ್ರಶ್ನೆಯೊಂದಕ್ಕೆ ಉತ್ತರ ಕಂಡುಹಿಡಿದೇ ತೀರುತ್ತೇನೆಂದು ನಾನು ಶಪಥ ಮಾಡಿದೆ! ಪ್ರಶ್ನೆ ಸಣ್ಣದು. ಮಹಾಲಯ ಅಮಾವಾಸ್ಯೆಯ ದಿನ ಸತ್ತವರ ಫೋಟೋ ಮುಂದೆ ಎಡೆ ಇಟ್ಟು, ಊದುಬತ್ತಿ ಹಚ್ಚಿ, ಬಾಗಿಲು ಮುಚ್ಚಿಕೊಂಡು ನಾವೆಲ್ಲ ಹೊರಗೆ ನಿಲ್ಲುತ್ತೇವಲ್ಲ, ಆಗ ಒಳಗೆ ಬಂದ ಹಿರಿಯರು ಎಷ್ಟು ತಿನ್ನುತ್ತಾರೆ?

ಇದನ್ನು ನಾನು ಮೊದಲು ಕೇಳಿದ್ದು ಒಂದನೇ ಕ್ಲಾಸಿನಲ್ಲಿದ್ದಾಗ, ನನ್ನ ಅಜ್ಜಿಯನ್ನು. "ಅವ್ರು ತಿನ್ನಲ್ಲ ಕಣೋ, ವಾಸ್ನೆ ತಗಂಡ್ ಹೋಗ್ತಾರೆ" ಎಂದಳು. "ವಾಸ್ನೆ ಎಷ್ಟು ತೂಕ ಇರುತ್ತಜ್ಜಿ?" ಎಂದೆ. ಅದಕ್ಕೆ ಅಜ್ಜಿ ಉತ್ತರವನ್ನು ನೇರವಾಗಿ ನನ್ನ ಬೆನ್ನಿಗೇ ಕೊಟ್ಟಳು. ಪ್ರಶ್ನೆ ಮಾತ್ರ ಹಾಗೇ ಉಳಿಯಿತು.

ಈಗ ಆ ಪ್ರಶ್ನೆಗೆ ಕೈಹಾಕಲು ನನ್ನಷ್ಟು ತಕ್ಕವನು, ಅಂದರೆ ತಕ್ಕಡಿಯವನು, ಮೂರು ತಾಲ್ಲೂಕಿನಲ್ಲಿ ಇನ್ನೊಬ್ಬನಿಲ್ಲ. ಅಜ್ಜಂಪುರದ ಬಸ್ ಸ್ಟ್ಯಾಂಡಿನ ಹತ್ತಿರ ಎಲೆಕ್ಟ್ರಾನಿಕ್ ತಕ್ಕಡಿ ರಿಪೇರಿ ಅಂಗಡಿ ನನ್ನದು. ಇಲ್ಲಿನ ಈರುಳ್ಳಿ ಮಂಡಿ, ತರೀಕೆರೆಯ ಅಡಿಕೆ ಅಂಗಡಿಗಳು, ಕಡೂರಿನ ಕೊಬ್ಬರಿ ವ್ಯಾಪಾರಿಗಳು, ಎಲ್ಲರ ತಕ್ಕಡಿಗಳೂ ಕಾಯಿಲೆ ಬಿದ್ದರೆ ನನ್ನ ಮೇಜಿನ ಮೇಲೇ ಬಂದು ಮಲಗುತ್ತವೆ. "ತೀರ್ಥೇಶ್ ಮುಟ್ಟಿದ ತಕ್ಕಡಿ ಸುಳ್ಳು ಹೇಳಲ್ಲ" ಎಂದು ಊರಿನಲ್ಲಿ ಒಂದು ಮಾತೇ ಇದೆ. ಆ ಮಾತನ್ನು ಹುಟ್ಟಿಸಿದವನು ನಾನೇ ಎಂಬುದು ಬೇರೆ ವಿಷಯ.

ರಿಪೇರಿ ನನ್ನ ಹೊಟ್ಟೆಪಾಡು. ಹೊಸದನ್ನು ಕಂಡುಹಿಡಿಯುವುದು ನನ್ನ ಚಟ. ಹಾಲು ಉಕ್ಕುವ ಮುಂಚೆ ಕೂಗುವ ಗಂಟೆ ಮಾಡಿದೆ; ಅದು ಹಾಲು ಉಕ್ಕಿ, ಒಲೆ ಆರಿ, ಹೆಂಡತಿ ಕೂಗಿದ ಮೇಲೆ ಕೂಗುತ್ತಿತ್ತು. ತೋಟದ ಮೋಟಾರಿಗೆ ಕರೆಂಟು ಬಂದ ಕೂಡಲೇ ಸೀಟಿ ಹೊಡೆಯುವ ಯಂತ್ರ ಮಾಡಿದೆ. ಕರೆಂಟು ಸರಿರಾತ್ರಿಯಲ್ಲಿ ಬರುತ್ತದೆ ಎಂಬುದು ನನಗೆ ಮರೆತಿತ್ತು, ಬೀದಿಯವರಿಗೆ ಮರೆತಿರಲಿಲ್ಲ. ಆ ಸೀಟಿ ಈಗ ಬಾವಿಯಲ್ಲಿದೆ!

ಇಡೀ ಮನೆಯಲ್ಲಿ ನನ್ನ ಯಂತ್ರಗಳಿಗೆ ಇದ್ದ ಒಬ್ಬನೇ ಅಭಿಮಾನಿ ನಮ್ಮಪ್ಪ ಕರಿಯಪ್ಪ. ಚಿಕ್ಕವನಿದ್ದಾಗ ನಾನು ಅವರ ರೇಡಿಯೋ ಬಿಚ್ಚಿ ಹಾಕಿದ್ದೆ. ಹೊಡೆಯುತ್ತಾರೆಂದು ಮಂಚದಡಿ ಅವಿತುಕೊಂಡಿದ್ದರೆ ಅವರೂ ಬಗ್ಗಿ ಒಳಗೆ ಬಂದು, "ಬಿಚ್ಚಿದ್ಯಾ? ಸರಿ ಬಿಡು. ಒಳಗೆ ಏನಿತ್ತು, ನಂಗೂ ತೋರ್ಸು" ಎಂದಿದ್ದರು. ದೊಡ್ಡವನಾದ ಮೇಲೂ ನಾನು ಏನು ಮಾಡಿದರೂ "ಇದು ಹೆಂಗ್ ಕೆಲ್ಸ ಮಾಡುತ್ತೋ?" ಎಂದು ಪಕ್ಕಕ್ಕೆ ಬಂದು ಕೂರುತ್ತಿದ್ದರು. ಕೆಲಸ ಮಾಡುತ್ತದೆಯೇ ಎಂದು ಒಮ್ಮೆಯೂ ಕೇಳಲಿಲ್ಲ, ಪುಣ್ಯಾತ್ಮ.

ಆ ಅಪ್ಪ ಈಗ ಇಲ್ಲ. ಕಿಡ್ನಿ ಕೈಕೊಟ್ಟಿತು. ಡಾಕ್ಟರು ಉಪ್ಪು ಬಿಡಿಸಿದರು, ನೀರನ್ನು ಅಳೆದು ಕೊಡಿ ಎಂದರು. ಉಪ್ಪಿನಕಾಯಿ ಇಲ್ಲದೆ ಮಜ್ಜಿಗೆ ಅನ್ನವನ್ನೂ ಮುಟ್ಟದ ಮನುಷ್ಯ ವರ್ಷಪೂರ್ತಿ ಸಪ್ಪೆ ಸಾರು, ಸಪ್ಪೆ ಪಲ್ಯ ತಿಂದರು. ಕೊನೆಗೆ ಅದೂ ಬೇಡವೆಂದು ಮುಖ ತಿರುಗಿಸಿಬಿಟ್ಟರು. ಅಂದಿನಿಂದ ನಮ್ಮಮ್ಮ ಕಾಮಾಕ್ಷಮ್ಮನದು ಒಂದೇ ಮಾತು. "ನೆಟ್ಟಗೆ ಒಂದು ತುತ್ತು ತಿನ್ನದೆ ಹೋದ್ರಲ್ಲೋ!" ಅವಳೂ ಉಪ್ಪು ಬಿಟ್ಟಳು. "ಅವ್ರಿಗಿಲ್ಲದ ರುಚಿ ನಂಗ್ಯಾಕೆ?" ಎನ್ನುತ್ತಾ ಅರ್ಧ ಹೊಟ್ಟೆ ಉಂಡು ಏಳುತ್ತಿದ್ದಳು. ದಿನದಿನಕ್ಕೆ ಸವೆಯುತ್ತಿದ್ದಳು. ಅಡುಗೆಮನೆಯಲ್ಲಿ ಎಲ್ಲವನ್ನೂ ಸಪ್ಪೆಯಾಗಿಯೇ ಮಾಡುವುದು, ಬೇಕಾದವರು ಮೇಲೆ ಉಪ್ಪು ಹಾಕಿಕೊಳ್ಳುವುದು ಎಂಬ ಪದ್ಧತಿ ಅಪ್ಪ ಹೋದ ಮೇಲೂ ಹಾಗೇ ನಡೆದಿತ್ತು.

ಹೀಗೆ ಅಮ್ಮ ಕಾದುಕೊಂಡಿದ್ದದ್ದು ಒಂದೇ ದಿನಕ್ಕೆ. ಅಪ್ಪನಿಗೆ ಇಡುವ ಮೊದಲ ಎಡೆ. ಅವತ್ತಾದರೂ ಅವರು ಬಂದು ಹೊಟ್ಟೆ ತುಂಬಾ ಉಂಡರೆ ತನ್ನ ಜೀವಕ್ಕೆ ಸಮಾಧಾನ ಎಂದು ನಂಬಿದ್ದಳು. ಮಗನಾದ ನಾನು ಸುಮ್ಮನೆ ಕೂರಲಾದೀತೆ? ಯಂತ್ರ ಹೊತ್ತು ತಂದೆ!

"ಏನ್ರೀ ಇದು, ಈರುಳ್ಳಿ ತಕ್ಕಡಿ ದೇವ್ರ ಕೋಣೆಗೆ?" ಎಂದಳು ನನ್ನ ಹೆಂಡತಿ ನಯನ.

"ತಕ್ಕಡಿ ಅಲ್ಲ ಕಣೇ ಇದು, ಪಿತೃಮಾಪಕ! ಎಲೆ ಕೆಳಗೆ ತಕ್ಕಡಿ, ಹೊರಗೆ ಗೋಡೆ ಮೇಲೆ ನಂಬರ್. ಹಿರಿಯರು ಒಂದೊಂದು ತುತ್ತು ತಿಂದಂಗೂ ನಂಬರ್ ಇಳಿಯುತ್ತೆ."

"ಮಾಪಕನೋ ಪಾಪಕನೋ! ಸತ್ತೋರನ್ನಾದ್ರೂ ನೆಮ್ಮದಿಯಾಗಿರೋಕೆ ಬಿಡ್ರೀ."

"ಪ್ರಪಂಚದಲ್ಲಿ ಇದನ್ನ ಯಾರೂ ಮಾಡಿಲ್ಲ ಕಣೇ!"

"ಯಾಕೆ ಮಾಡಿಲ್ಲ ಅಂತ ಒಂದ್ಸಲ ಯೋಚ್ನೆ ಮಾಡಿದ್ರಾ?"

ಹೀಗೆ ಮನೆಯಲ್ಲಿ ಎರಡು ಪಕ್ಷಗಳಾದವು. ನಾನು ವಿಜ್ಞಾನದ ಪಕ್ಷ, ನಯನ ಪಿತೃಪಕ್ಷ. ಅಷ್ಟರಲ್ಲಿ ಗೋಡೆಗೊರಗಿ ಕೂತಿದ್ದ ಅಮ್ಮ ಮೆಲ್ಲಗೆ ಕೇಳಿದಳು. "ಲೇ ತೀರ್ಥ, ಅವ್ರು ತಿಂದ್ರೆ ಅದ್ರಲ್ಲಿ ಗೊತ್ತಾಗುತ್ತೇನೋ?"

"ಗ್ರಾಂ ಲೆಕ್ಕದಲ್ಲಿ ಗೊತ್ತಾಗುತ್ತಮ್ಮ!"

"ಹಂಗಾದ್ರೆ ಇಡು" ಎಂದಳು. ಅಮ್ಮ ನನ್ನ ಪಕ್ಷಕ್ಕೆ ಸೇರಿಬಿಟ್ಟಳು! ಗೆದ್ದೆನೆಂದು ನಾನು ಬೀಗಿದೆ. ಅವಳು ಎಂಥ ಆಸೆ ಇಟ್ಟುಕೊಂಡು ಹಾಗೆ ಹೇಳಿದಳು ಎಂಬುದು ನನ್ನ ಮಂಡೆಗೆ ಹೋಗಲಿಲ್ಲ.

ಅಮಾವಾಸ್ಯೆಯ ದಿನ ತರೀಕೆರೆಯಿಂದ ಚಿಕ್ಕಪ್ಪ ಈರಭದ್ರಪ್ಪ ಬಂದರು, ಕಡೂರಿನಿಂದ ಸೋದರತ್ತೆ ಬಂದಳು. ನಯನ ಬೆಳಗಿನಿಂದ ಒಲೆ ಮುಂದೆ ನಿಂತು ಹೋಳಿಗೆ, ವಡೆ, ಕುಂಬಳಕಾಯಿ ಪಲ್ಯ, ಕಾಳು ಸಾರು, ಅನ್ನ, ಪಾಯಸ ಎಲ್ಲವನ್ನೂ ಮಾಡಿ ಮುಗಿಸಿದ್ದಳು. ಎರಡು ಎಲೆ ಹಾಕಬೇಕಿತ್ತು. ಒಂದು ಅಜ್ಜ ಅಜ್ಜಿಗೆ, ಒಂದು ಅಪ್ಪನಿಗೆ. ಅಜ್ಜ ಅಜ್ಜಿಯ ಎಲೆ ಕೆಳಗೆ ಕಿರಾಣಿ ಅಂಗಡಿಯಲ್ಲಿ ಏಲಕ್ಕಿ, ಲವಂಗ ತೂಗುವ ಪುಟ್ಟ ತಕ್ಕಡಿ ಇಟ್ಟೆ. ಅಪ್ಪನಿಗೆ? ಹೆತ್ತ ತಂದೆಗೆ ಲವಂಗದ ತಕ್ಕಡಿ ಇಡುವಷ್ಟು ಕೃತಘ್ನನೇ ನಾನು? ಈರುಳ್ಳಿ ಚೀಲಗಳನ್ನು ತೂಗುವ, ಕಬ್ಬಿಣದ ಹಾಸಿನ, ನನ್ನ ಅಂಗಡಿಯಲ್ಲೇ ಅತಿ ದೊಡ್ಡದಾದ ತಕ್ಕಡಿಯನ್ನು ತಂದು, ತೊಳೆದು, ಅರಿಶಿನ ಕುಂಕುಮ ಇಟ್ಟು, ಅದರ ಮೇಲೆ ಅಪ್ಪನ ಎಲೆ ಹಾಕಿಸಿದೆ!

"ಅಷ್ಟೆತ್ತರಕ್ಕೆ ಎಲೆ ಹಾಕಿದ್ರೆ ನಿಮ್ಮಪ್ಪ ನಿಂತ್ಕಂಡು ಉಣ್ಣಬೇಕೇನೋ?" ಎಂದಳು ಸೋದರತ್ತೆ.

"ಮದ್ವೆ ಮನೇಲಿ ಈಗ ಎಲ್ರೂ ನಿಂತ್ಕಂಡೇ ಉಣ್ಣೋದು ಬಿಡತ್ತೆ" ಎಂದೆ.

ಬಡಿಸಿದ್ದಾಯಿತು. ಅಪ್ಪನ ಎಲೆ ಪಕ್ಕ ಹೊಸ ಪಂಚೆ, ಬೀಡಿ ಕಟ್ಟು, ಎಲೆಅಡಿಕೆ ಇಟ್ಟು ಕೈಮುಗಿದು ಎಲ್ಲರೂ ಹೊರಗೆ ಬಂದೆವು. ಬಾಗಿಲು ಮುಚ್ಚಿದೆ. ಹೊರಗಿನ ಗೋಡೆಯ ಮೇಲೆ ಕೆಂಪು ಅಂಕಿಗಳು ಎರಡು ಸಾಲಿನಲ್ಲಿ ಹೊಳೆದವು. ಎಲ್ಲರೂ ಅವನ್ನೇ ನೋಡುತ್ತಿದ್ದೆವು.

ಅಜ್ಜ ಅಜ್ಜಿಯ ಅಂಕಿ ಒಂದು ಗ್ರಾಂ ಇಳಿಯಿತು!

"ಬಂದ್ರು!" ಎಂದರು ಚಿಕ್ಕಪ್ಪ. ಇನ್ನೊಂದು ಗ್ರಾಂ ಇಳಿಯಿತು. "ಅವ್ವ ಮೊದ್ಲು ಪಾಯಸಕ್ಕೇ ಕೈ ಹಾಕಿರ್ತಾಳೆ ನೋಡು!" ಎಂದು ಸೋದರತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಚಿಕ್ಕಪ್ಪ ನನ್ನ ಬೆನ್ನು ತಟ್ಟಿದರು. "ಏನ್ ತಲೆನಪ್ಪಾ ನಿಂದು!" ನಾನು ಹಿಗ್ಗಿ ಹೀರೇಕಾಯಿಯಾದೆ. ಈ ಯಂತ್ರವನ್ನು ಮನೆಮನೆಗೆ ಮಾರುವುದು, ಮುಂದಿನ ವರ್ಷಕ್ಕೆ ಮಾತನಾಡುವ ಮಾಡೆಲ್ ತರುವುದು, ಎಲ್ಲವೂ ಆ ಕ್ಷಣದಲ್ಲೇ ನಿಶ್ಚಯವಾಯಿತು.

ಅಮ್ಮ ಮಾತ್ರ ಮೇಲಿನ ಸಾಲನ್ನು ನೋಡಲೇ ಇಲ್ಲ. ಅವಳ ಕಣ್ಣು ಕೆಳಗಿನ ಸಾಲಿನ ಮೇಲಿತ್ತು. ಅಲ್ಲಿ ಅಪ್ಪನ ಅಂಕಿ ಇತ್ತು. ಅದು ಇದ್ದಲ್ಲೇ ಇತ್ತು.

"ಇವ್ರದ್ಯಾಕೋ ಇಳೀತಿಲ್ಲ?" ಎಂದಳು.

"ಅಪ್ಪ ನಿಧಾನ ಅಲ್ವಾಮ್ಮ. ಕೈ ತೊಳ್ಕಂಡು ಬರ್ಬೇಕು" ಎಂದೆ.

ಅಜ್ಜ ಅಜ್ಜಿ ಮತ್ತೆ ಮತ್ತೆ ಇಳಿದರು. ಅಪ್ಪ ಕದಲಲಿಲ್ಲ. ಆಗ ನನಗೆ ಹೊಳೆಯಿತು ನೋಡಿ! ಬಿಸಿ ಅನ್ನ, ಬಿಸಿ ಸಾರಿನ ಹಬೆ ಹೋದಂತೆಲ್ಲ ಪುಟ್ಟ ತಕ್ಕಡಿ ಒಂದೊಂದೇ ಗ್ರಾಂ ಕಮ್ಮಿ ತೋರಿಸುತ್ತಿದೆ. ಆದರೆ ಅಪ್ಪನ ತಕ್ಕಡಿ ಈರುಳ್ಳಿಯದು. ಐವತ್ತು ಗ್ರಾಂಗಿಂತ ಕಡಿಮೆ ಯಾವುದನ್ನೂ ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಗೌರವ ಹೆಚ್ಚಾಗಿ ಕೆಟ್ಟಿದ್ದೆ ನಾನು!

"ಅಮ್ಮ, ಅದು ದೊಡ್ಡ ತಕ್ಕಡಿ ಕಣಮ್ಮ. ಐವತ್ತು ಗ್ರಾಂ ಕಮ್ಮಿ ಆಗೋವರ್ಗೂ ಅದಕ್ಕೆ ಗೊತ್ತೇ ಆಗಲ್ಲ" ಎಂದು ನಿಜ ಹೇಳಿದೆ. ನಿಜ ಹೇಳಿದ್ದೇ ತಪ್ಪಾಯಿತು.

"ಅಂದ್ರೆ ಐವತ್ತು ಗ್ರಾಮೂ ತಿಂದಿಲ್ಲ ಅವ್ರು" ಎಂದಳು ಅಮ್ಮ.

"ಅಯ್ಯೋ, ಹಂಗಲ್ಲಮ್ಮ. ಅಜ್ಜಂದು ಇಳೀತಿರೋದು ಬರೀ ಹಬೆ..."

"ಹಬೆ ಅಂತೆ ಹಬೆ! ನಮ್ಮಪ್ಪ ಬಂದು ಉಂಡಿದ್ದು ನಿಂಗೆ ಹಬೆನೇನೋ?" ಎಂದು ಸೋದರತ್ತೆ ನನ್ನ ಮೇಲೆ ಹರಿಹಾಯ್ದಳು. ಅಮ್ಮನ ಕಡೆ ತಿರುಗಿದರೆ ಅವಳು ತಲೆ ಅಲ್ಲಾಡಿಸುತ್ತಿದ್ದಳು. "ಬೇಡ ತೀರ್ಥ, ಸಮಾಧಾನ ಮಾಡ್ಬೇಡ. ನೀನು ಮುಟ್ಟಿದ ತಕ್ಕಡಿ ಸುಳ್ಳು ಹೇಳಲ್ಲ ಅಂತ ಊರೇ ಹೇಳುತ್ತೆ" ಎಂದು ಗೋಡೆಗೊರಗಿ ಕೂತುಬಿಟ್ಟಳು. ನನ್ನ ಜಾಹೀರಾತೇ ನನ್ನ ಕೊರಳಿಗೆ ಸುತ್ತಿಕೊಂಡಿತು.

ಆಮೇಲೆ ಅಪ್ಪ ಯಾಕೆ ಉಣ್ಣಲಿಲ್ಲ ಎಂಬ ವಿಚಾರಣೆ ನಡೆಯಿತು. ಎಲೆಯ ತುದಿ ತಪ್ಪು ದಿಕ್ಕಿಗೆ ಹಾಕಿದ್ದೀರಿ ಎಂದಳು ಸೋದರತ್ತೆ. ಬೀಡಿ ಇಟ್ಟು ಬೆಂಕಿಪೊಟ್ಟಣ ಮರೆತಿದ್ದೀರಿ, ಅಣ್ಣ ಬೆಂಕಿ ಹುಡುಕಿಕೊಂಡು ಹೋಗಿರಬೇಕು ಎಂದರು ಚಿಕ್ಕಪ್ಪ. ಅಮ್ಮ ಮಾತ್ರ, "ಕೊನೇಲೂ ಹಿಂಗೇ ಮುಖ ತಿರುಗ್ಸಿದ್ರು" ಎಂದಷ್ಟೇ ಹೇಳಿದಳು. ಅವಳ ಮುಖ ನೋಡಲಾಗಲಿಲ್ಲ ನನಗೆ. ಅಪ್ಪ ಹೋದ ದಿನ ಇದ್ದ ಮುಖವೇ ಮತ್ತೆ ಬಂದಿತ್ತು, ಈ ಸಲ ಅದನ್ನು ತಂದವನು ನಾನು.

ಇನ್ನು ಉಳಿದಿದ್ದು ಒಂದೇ ದಾರಿ. ತಕ್ಕಡಿಯ ಅಂಕಿಯನ್ನು ಹಿಂದೆ ಮುಂದೆ ಮಾಡಿ ಸರಿಹೊಂದಿಸಲು ನನ್ನ ಬಳಿ ಪುಟ್ಟ ರಿಮೋಟ್ ಒಂದಿದೆ. ಅದನ್ನು ಬಳಸಿ ನಾಲ್ಕು ಕೇಜಿ ಈಚೆ ಎಳೆದುಕೊಡು ಎಂದು ಹಿಂದೊಮ್ಮೆ ಕೇಳಿದ ವ್ಯಾಪಾರಿಯೊಬ್ಬನನ್ನು ಅಂಗಡಿಯಿಂದಲೇ ಆಚೆ ಕಳಿಸಿದ್ದೆ. ಈವರೆಗೆ ಒಂದೇ ಒಂದು ಸುಳ್ಳು ತೂಕ ತೋರಿಸದ ಈ ಸತ್ಯಸಂಧ ಹೆತ್ತ ತಂದೆಯ ಊಟದಲ್ಲಿ ಮೋಸ ಮಾಡಲು ಜೇಬಿಗೆ ಕೈ ಹಾಕಿದ!

"ಅಮ್ಮ, ಇನ್ನೊಂಚೂರು ನೋಡಣ" ಎಂದು ಜೇಬಿನೊಳಗೇ ಗುಂಡಿ ಒತ್ತಿದೆ. ಅಪ್ಪನ ಅಂಕಿ ಐವತ್ತು ಇಳಿಯಿತು.

ಅಮ್ಮ ತಟ್ಟನೆ ಎದ್ದು ನಿಂತಳು. "ಇಳೀತು ಕಣೋ!"

ಆ ಮುಖದಲ್ಲಿ ಬೆಳಕು ಕಂಡು ನನಗೆ ಎಷ್ಟು ಖುಷಿಯಾಯಿತೆಂದರೆ ಮತ್ತೆ ಒತ್ತಿದೆ. ಮತ್ತೆ ಐವತ್ತು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಿದೆ ಕೂಡ. ಗುಂಡಿ ನಿಲ್ಲಲಿಲ್ಲ! ಬೆವರಿದ ಬೆರಳಿನಡಿ ಅದು ಒಳಗೇ ಸಿಕ್ಕಿಕೊಂಡಿತು. ಅಂಕಿ ಸರಸರನೆ ಜಾರತೊಡಗಿತು.

"ಪರ್ವಾಗಿಲ್ವೇ, ಅಣ್ಣನಿಗೆ ಹಸಿವು ಜೋರಾಗಿದೆ" ಎಂದರು ಚಿಕ್ಕಪ್ಪ.

ನಾನು ಜೇಬಿನೊಳಗೆ ಗುಂಡಿಯನ್ನು ಕೀಳಲು ಉಗುರಿನಿಂದ ಹೆಣಗಾಡುತ್ತಿದ್ದೆ. ಅನ್ನ ಹೋಯಿತು, ಪಲ್ಯ ಹೋಯಿತು, ಹೋಳಿಗೆ ಹೋಯಿತು. ಅಂಕಿ ಸೊನ್ನೆಗೆ ಬಂದಿತು. ಸೊನ್ನೆಯನ್ನೂ ದಾಟಿತು!

"ಈ ಅಡ್ಡಗೆರೆ ಯಾಕಪ್ಪಾ ಬಂತು?"

"ಅದು ಮೈನಸ್ ಚಿಕ್ಕಪ್ಪ."

"ಮೈನಸ್ ಅಂದ್ರೆ? ಎಲೆನೂ ತಿಂದ್ಬಿಟ್ನಾ?"

"ಪಂಚೆ ಬೀಡಿನೂ ಮುಗಿಸಿರ್ಬೇಕು" ಎಂದಳು ಸೋದರತ್ತೆ, ಗಾಬರಿಯಿಂದ. ನಯನ ಹಣೆ ಚಚ್ಚಿಕೊಂಡಳು. ಅಂಕಿ ಇಳಿಯುತ್ತಲೇ ಇತ್ತು. ಆ ವೇಗದಲ್ಲಿ ಅಪ್ಪ ಇನ್ನು ಸ್ವಲ್ಪ ಹೊತ್ತಿಗೆ ನಮ್ಮ ಮನೆಯನ್ನೂ ಪಕ್ಕದ ಮನೆಯ ಕೊಟ್ಟಿಗೆಯನ್ನೂ ತಿಂದು ಮುಗಿಸುವವರಿದ್ದರು.

ಅಮ್ಮ ಅಂಕಿಯ ಕಡೆ ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

"ಜೇಬಿಂದ ಕೈ ತೆಗಿಯೋ" ಎಂದಳು.

ತೆಗೆದೆ. ಕೈಯಲ್ಲಿ ರಿಮೋಟ್ ಇತ್ತು.

ಬೈದಿದ್ದರೆ ಚೆನ್ನಾಗಿತ್ತು. ಎರಡು ಬಿಟ್ಟಿದ್ದರೂ ಸಂತೋಷದಿಂದ ತಿನ್ನುತ್ತಿದ್ದೆ. ಅಮ್ಮ ಮತ್ತೆ ಗೋಡೆಗೊರಗಿ ಕೂತಳು. "ಬಂದೋರಿಗೆ ಬಡ್ಸು ನಯನ, ಹಸ್ಕಂಡವ್ರೆ. ನಂಗೆ ಬೇಡ" ಎಂದಳು. ನಾನು ರಿಮೋಟಿನ ಸೆಲ್ ಕಿತ್ತೆ, ಗೋಡೆಯ ಅಂಕಿಗಳನ್ನು ಆರಿಸಿದೆ. ಮನುಕುಲದ ಪ್ರಶ್ನೆ ಹಾಳಾಗಿಹೋಗಲಿ, ನಮ್ಮಮ್ಮ ಒಂದು ತುತ್ತು ಉಂಡರೆ ಸಾಕಾಗಿತ್ತು ನನಗೆ.

ನಯನ ಬಾಗಿಲು ತಟ್ಟಿ ತೆಗೆದು, ಹಿರಿಯರಿಗೆ ಕೈಮುಗಿದು, ನಡುಮನೆಯಲ್ಲಿ ಎಲೆ ಹಾಕಿದಳು. ಚಿಕ್ಕಪ್ಪ, ಸೋದರತ್ತೆ, ನಾನು ಕೂತೆವು. ಚಿಕ್ಕಪ್ಪ ಸಾರನ್ನ ಕಲಸಿ ಒಂದು ತುತ್ತು ಬಾಯಿಗಿಟ್ಟವರು ಅಗಿಯುವುದನ್ನೇ ನಿಲ್ಲಿಸಿಬಿಟ್ಟರು. ಪಾಪ, ಅಣ್ಣನ ನೆನಪಾಗಿರಬೇಕೆಂದುಕೊಂಡೆ. ಸೋದರತ್ತೆ ವಡೆ ಕಚ್ಚಿದಳು. ಅವಳ ಬಾಯೂ ನಿಂತಿತು. ಇವಳಿಗೂ ದುಃಖ ಒತ್ತರಿಸಿತೆಂದುಕೊಂಡು ನಾನೂ ಪಲ್ಯ ಬಾಯಿಗಿಟ್ಟೆ. ದುಃಖ ನನಗೂ ಒತ್ತರಿಸಿತು!

"ನಯನಾ" ಎಂದಳು ಸೋದರತ್ತೆ ಮೆಲ್ಲಗೆ, "ಚೂರು ಉಪ್ಪು ತಾರವ್ವ."

"ಯಾವುದಕ್ಕತ್ತೆ?"

"ಎಲ್ಲದಕ್ಕೂ."

ನಯನಳ ಕೈಯಿಂದ ಸೌಟು ಬಿದ್ದಿತು. ಎಡೆ ಇಡುವ ಮುಂಚೆ ಅಡುಗೆಯನ್ನು ಯಾರೂ ರುಚಿ ನೋಡುವಂತಿಲ್ಲ, ಎಂಜಲಾಗುತ್ತದೆ. ರುಚಿ ನೋಡದೆ, ವರ್ಷದಿಂದ ರೂಢಿಯಾದ ಕೈಯಲ್ಲಿ ಅವಳು ಹಬ್ಬದ ಅಡುಗೆಯನ್ನೂ ಸಪ್ಪೆಯಾಗಿಯೇ ಮಾಡಿ ಇಳಿಸಿದ್ದಳು. ಸಾರಿಗಿಲ್ಲ, ಪಲ್ಯಕ್ಕಿಲ್ಲ, ವಡೆಗಿಲ್ಲ. ಎಲೆಯ ತುದಿಗೆ ಬಡಿಸುವ ಉಪ್ಪೂ ಇಲ್ಲ; ಅಪ್ಪನ ಕಣ್ಣಿಗೆ ಬೀಳಬಾರದೆಂದು ನಾವು ಅಟ್ಟಕ್ಕೇರಿಸಿ, ಬೇಕಾದಾಗ ಚೂರು ಮಾತ್ರ ತೆಗೆದುಕೊಳ್ಳುತ್ತಿದ್ದ ಉಪ್ಪಿನ ಭರಣಿ ಇನ್ನೂ ಅಟ್ಟದಲ್ಲೇ ಇತ್ತು.

"ಕೈ ಮರ್ತೋಯ್ತು ಅತ್ತೆ..." ಎಂದು ನಯನ ಅಮ್ಮನ ಮುಂದೆ ಕುಸಿದು ಅಳತೊಡಗಿದಳು.

ಅಮ್ಮ ತಲೆ ಎತ್ತಿದಳು. "ಏನಂದೆ?" ಎಂದವಳೇ ಎದ್ದು ಬಂದು, ಸಾರಿನ ಪಾತ್ರೆಗೆ ಸೌಟು ಹಾಕಿ, ಅಂಗೈಗೆ ಬಿಟ್ಟುಕೊಂಡು ನೆಕ್ಕಿದಳು. ಮುಖ ಕಿವುಚಿದಳು. ಅವತ್ತು ಅವಳ ನಾಲಿಗೆಗೆ ಬಿದ್ದ ಮೊದಲ ಆಹಾರ ಅದು.

"ಥೂ! ಇದನ್ನ ಯಾರು ತಿಂತಾರೆ? ಬದುಕಿದ್ದಾಗ ಇದಕ್ಕೇ ಮುಖ ತಿರುಗ್ಸಿದ್ರು. ಸತ್ತ ಮೇಲೆ ಆಸೆಯಿಂದ ಬಂದ್ರೆ ಅದನ್ನೇ ಹಾಕಿದೀರಲ್ಲೇ! ಕೋಪ ಬರಲ್ವಾ ಮನುಷ್ಯಂಗೆ?"

ದೇವರಾಣೆ ಹೇಳುತ್ತೇನೆ, ಅಮ್ಮನ ದನಿಯಲ್ಲಿ ಜೀವ ಬಂದಿತ್ತು. ಅಪ್ಪ ಅವಳ ಮೇಲೆ ಮುನಿಸಿಕೊಂಡಿರಲಿಲ್ಲ. ಸಾರಿನ ಮೇಲೆ ಮುನಿಸಿಕೊಂಡಿದ್ದರು!

"ಭರಣಿ ಇಳ್ಸೋ ತೀರ್ಥ. ನಯನ, ಅಳೋದು ಬಿಟ್ಟು ಒಲೆ ಹಚ್ಚು. ಈರಭದ್ರ, ಬಾಳೆಲೆ ಕೊಯ್ಕಂಡು ಬಾ. ಲೇ ತೀರ್ಥ, ಆ ಹಾಳು ತಕ್ಕಡಿ ಮೊದ್ಲು ಆಚೆ ಹಾಕು!"

ನಾನು ಈರುಳ್ಳಿ ತಕ್ಕಡಿಯನ್ನು ಬೆನ್ನಿಗೇರಿಸಿಕೊಂಡು ಜಗಲಿಗೆ ಸಾಗಿಸಿದೆ. ಉಳಿದ ಹಿಟ್ಟಿಗೆ ಉಪ್ಪು ಕಲಸಿ ಅಮ್ಮನೇ ವಡೆ ಕರಿದಳು. ಸಾರಿಗೆ, ಪಲ್ಯಕ್ಕೆ ಉಪ್ಪು ಬಿದ್ದಿತು. ಎಂಜಲಿನ ಮಾತನ್ನು ಸೋದರತ್ತೆಯೂ ಎತ್ತಲಿಲ್ಲ. ಹೊಸ ಎಲೆ ನೆಲದ ಮೇಲೆ ಹಾಸಿ ಅಮ್ಮ ಕೈಯಾರೆ ಬಡಿಸಿದಳು. ಎಲೆಯ ತುದಿಗೆ ಒಂದು ಹಿಡಿ ಉಪ್ಪು, ಪಕ್ಕದಲ್ಲಿ ಎರಡು ಹೋಳು ಉಪ್ಪಿನಕಾಯಿ. "ಈಗ ಯಾವ ಡಾಕ್ಟ್ರೂ ಇಲ್ಲ, ತಿನ್ನಿ" ಎಂದು ಫೋಟೋಗೆ ಹೇಳಿ ಹೊರಗೆ ಬಂದು ಬಾಗಿಲು ಮುಚ್ಚಿದಳು.

ನಾವೆಲ್ಲ ಬರಿಯ ಬಾಗಿಲನ್ನು ನೋಡುತ್ತಾ ನಿಂತೆವು. ಚಿಕ್ಕಪ್ಪನಿಗೆ ತಡೆಯಲಾಗಲಿಲ್ಲ. "ಅಲ್ಲ ಅತ್ತಿಗೆ, ತಕ್ಕಡಿ ತೆಗ್ಸಿಬಿಟ್ರಿ. ಅಣ್ಣ ತಿಂದ್ನೋ ಇಲ್ವೋ ಅಂತ ಗೊತ್ತಾಗೋದು ಹೆಂಗೆ?"

"ಯಾಕೆ ಗೊತ್ತಾಗ್ಬೇಕು ಈರಭದ್ರ?" ಎಂದಳು ಅಮ್ಮ. "ವರ್ಷ ಪೂರ್ತಿ ನಾವೆಲ್ಲ ಸುತ್ತ ಕೂತ್ಕಂಡು ಅವ್ರ ತುತ್ತು ಎಣ್ಸಿದ್ವಿ. ಎಷ್ಟು ತಿಂದ್ರು, ಎಷ್ಟು ಬಿಟ್ರು, ಎಷ್ಟು ನೀರು ಕುಡಿದ್ರು ಅಂತ. ಒಂದು ದಿನ ನೆಮ್ಮದಿಯಾಗಿ ಉಣ್ಣಕ್ಕೆ ಬಿಡ್ಲಿಲ್ಲ. ಬಾಗ್ಲು ಯಾಕೆ ಮುಚ್ತಾರೆ ಅಂದ್ಕಂಡಿದ್ದೀರ? ಯಾರೂ ನೋಡ್ದಂಗೆ ಒಂದ್ಸಲ ಹೊಟ್ಟೆ ತುಂಬ ತಿನ್ಲಿ ಅಂತ."

ನಾನು ಪಕ್ಕಕ್ಕೆ ತಿರುಗಿ ಕಣ್ಣೊರೆಸಿಕೊಂಡೆ. ಅಪ್ಪನಿದ್ದಿದ್ದರೆ "ಇದು ಹೆಂಗ್ ಕೆಲ್ಸ ಮಾಡುತ್ತೋ?" ಎಂದು ಕೇಳಲೂ ಒಬ್ಬರಿರುತ್ತಿದ್ದರು. ಕೆಲಸ ಮಾಡಲಿಲ್ಲಪ್ಪ ಎಂದು ಹೇಳಬೇಕೆನಿಸಿತು.

ಸ್ವಲ್ಪ ಹೊತ್ತಾದ ಮೇಲೆ ಅಮ್ಮ ಕೆಮ್ಮಿ, ಬಾಗಿಲು ತಟ್ಟಿ ತೆಗೆದಳು. ಎಲೆಯನ್ನೊಮ್ಮೆ ನೋಡಿದಳು. ತಲೆಯಾಡಿಸಿದಳು. ನಾವು ಮತ್ತೆ ಊಟಕ್ಕೆ ಕೂತಾಗ ತಾನೂ ಬಂದು ನನ್ನ ಎದುರಿನ ಎಲೆಯ ಮುಂದೆ ಕೂತಳು. "ಬಡ್ಸು ನಯನ. ನಂಗೂ ಉಪ್ಪು ಹಾಕು" ಎಂದಳು.

ಅಮ್ಮ ಅನ್ನ ಕಲಸಿ ಒಂದು ತುತ್ತು ಉಂಡಳು. ನಾನು ಉಣ್ಣುವುದನ್ನು ಬಿಟ್ಟು ನೋಡುತ್ತಿದ್ದೆ. ಇನ್ನೊಂದು ತುತ್ತು ಉಂಡಳು. ವಡೆ ಮುರಿದಳು. ಎಷ್ಟು ಕಾಲವಾಗಿತ್ತು ಅವಳು ಹೀಗೆ ಉಂಡು! ಮೂರು, ನಾಲ್ಕು...

ಅಮ್ಮನ ಕೈ ನಿಂತಿತು.

"ಏನೋ ಹಂಗ್ ನೋಡ್ತಿದ್ದೀಯ? ಈಗ ನನ್ ತುತ್ತು ಎಣಿಸ್ತಿದ್ದೀಯಾ?"

"ಇಲ್ಲಮ್ಮ, ಸುಮ್ನೆ..."

"ತಿರುಗೋ ಆ ಕಡೆ!"

ಮೂರು ತಾಲ್ಲೂಕಿನ ತಕ್ಕಡಿಗಳ ಧನ್ವಂತರಿ, ಪಿತೃಮಾಪಕದ ಜನಕನಾದ ನಾನು, ಚಿಕ್ಕಪ್ಪ ಸೋದರತ್ತೆಯರ ಎದುರಿಗೇ ಎಲೆ ಎಳೆದುಕೊಂಡು ಗೋಡೆಗೆ ಮುಖ ಮಾಡಿ ಕೂತೆ. ಬೆನ್ನ ಹಿಂದೆ "ನಯನಾ, ಇನ್ನೊಂದು ವಡೆ ಹಾಕವ್ವ" ಎಂದು ಕೇಳಿಸಿತು. ಅವತ್ತು ಅಮ್ಮ ಒಟ್ಟು ಎಷ್ಟು ವಡೆ ತಿಂದಳು ಎಂಬುದು ನನಗೆ ಇಂದಿಗೂ ಗೊತ್ತಿಲ್ಲ. ಕೇಳುವ ಧೈರ್ಯವೂ ಇಲ್ಲ!